ಐತಾಳರು ಇಳಿಸಿದ ಭಾರ

ಅನಂತ ಐತಾಳರು ನನ್ನ ಪೈಜಾಮವನ್ನು ತಕ್ಕಡಿಗೆ ನೇತುಹಾಕಿ ತೂಗಿದ್ದು ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಕಣ್ಣಿನ ವಿಷಯದಲ್ಲಿ ನನ್ನ ಸಾಕ್ಷ್ಯಕ್ಕೆ ಈಗ ಅಷ್ಟು ಬೆಲೆಯಿಲ್ಲ. ಆ ಕಥೆ ಮುಂದೆ ಬರುತ್ತದೆ. ಅದೊಂದು ಕೊಕ್ಕೆಯ ತಕ್ಕಡಿ. ಹೋಟೆಲಿನ ಅಡಿಗೆಮನೆಯಲ್ಲಿ ಈರುಳ್ಳಿ ಚೀಲಗಳನ್ನು ತೂಗಿ ತೂಗಿ ಹಿರಿತನ ಗಳಿಸಿದ್ದು. ಅದನ್ನು ಐತಾಳರು ತಮ್ಮ ಮನೆಬಂಡಿಯ, ಅಂದರೆ ಮೋಟರ್‌ಹೋಮಿನ ಬಾಗಿಲ ಚೌಕಟ್ಟಿಗೆ ಕಾಯಂ ಆಗಿ ಸಿಕ್ಕಿಸಿದ್ದರು. ಬಂಡಿ ಹತ್ತಬೇಕೆನ್ನುವ ಸಮಸ್ತ ವಸ್ತುಗಳೂ ಮೊದಲು ಆ ಕೊಕ್ಕೆಯ ಮುಂದೆ ವಿಚಾರಣೆಗೆ ನಿಲ್ಲಬೇಕು. ನಾನು ಎರಡು ಪೈಜಾಮ ತಂದಿದ್ದೆ. ಐತಾಳರು ಮುಳ್ಳನ್ನು ನೋಡಿದರು, ನನ್ನನ್ನು ನೋಡಿದರು.

"ಒಂದ್ ಸಾಕಲ್ದೇ ರಾಯ್ರೇ? ಎರಡನೇದ್ ಅಲ್ಲಿಗ್ ಬಂದ್ ಎಂತ ಮಾಡ್ತ್?"

ಎರಡನೆಯ ಪೈಜಾಮ ಅಲ್ಲಿಗೆ ಬಂದು ಏನು ಮಾಡುತ್ತದೆ ಎಂಬುದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ಪೈಜಾಮದ ಬಳಿಯೂ ಇರಲಿಲ್ಲ. ಅದು ನನ್ನ ಹೆಂಡತಿಯ ಕಾರಿನ ಡಿಕ್ಕಿಗೆ ವಾಪಸಾಯಿತು. ಅದರ ಹಿಂದೆಯೇ ದಿಂಬು, ಕಬ್ಬಿಣದ ಬಾಣಲೆ, ಗಟ್ಟಿ ರಟ್ಟಿನ ಎರಡು ಪುಸ್ತಕ, ಕೊಡೆ. ಕಾಫಿ ಫಿಲ್ಟರಿನ ಬಗ್ಗೆ ಮಾತ್ರ ನಾನು ಸ್ವಲ್ಪ ಪಟ್ಟು ಹಿಡಿದೆ. ಮೈಸೂರಿನವನ ಜೊತೆ ಅಷ್ಟರ ಮಟ್ಟಿಗೆ ರಾಜಿಗೆ ಬರಲೇಬೇಕೆಂದು ಐತಾಳರಿಗೂ ತಿಳಿದಿತ್ತು. ಫಿಲ್ಟರ್ ಹತ್ತಿತು, ಅದರ ಮುಚ್ಚಳ ಇಳಿಯಿತು.

ಐತಾಳರು ಕುಂದಾಪುರದ ಕಡೆಯವರು. ಟೂಟಿಂಗಿನ ಒಂದು ಹೋಟೆಲಿನಲ್ಲಿ ಇಪ್ಪತ್ತಾರು ವರ್ಷ ಒಲೆಯ ಮುಂದೆ ನಿಂತವರು. ನಿವೃತ್ತರಾದ ಮೇಲೆ ರೇನರ್ಸ್ ಲೇನಿನಲ್ಲಿ ಮಗಳ ಮನೆಗೆ ಬಂದರು. ಹ್ಯಾರೋದಲ್ಲಿರುವ ನಮಗೆ ಪಕ್ಕದ ಊರು. ದಿನಸಿ ಅಂಗಡಿಯಲ್ಲಿ ಉದ್ದಿನಬೇಳೆಯ ಮುಂದೆ ಪರಿಚಯವಾಯಿತು. ನಾನು ಒಂದು ಪೊಟ್ಟಣ ಎತ್ತಿಕೊಂಡಾಗ ಹಿಂದಿನಿಂದ ಯಾರೋ, "ಅದ್ ಹಳೇದ್, ಇಡಿ ಕೆಳಗೆ" ಎಂದರು. ಇಟ್ಟೆ. ಅಂದಿನಿಂದ ಆರು ವರ್ಷ ಅವರು ಇಡಿ ಎಂದದ್ದನ್ನೆಲ್ಲ ಕೆಳಗಿಟ್ಟೆ.

ಒಲೆಯ ಮುಂದೆ ಒಂದೇ ಜಾಗದಲ್ಲಿ ನಿಂತ ಮನುಷ್ಯನಿಗೆ ಚಲಿಸುವ ಅಡಿಗೆಮನೆಯ ಕನಸು ಬಿದ್ದರೆ ಆಶ್ಚರ್ಯವಿಲ್ಲ. ಮೂವತ್ತು ವರ್ಷ ಹಳೆಯ, ಒಳಗೆ ನಾಲ್ಕು ಜನ ಮಲಗಬಹುದಾದ ಡೀಸೆಲ್ ಮೋಟರ್‌ಹೋಮ್ ಒಂದನ್ನು ಅವರು ಕೊಂಡರು. ಅದು ಎಷ್ಟು ಹಳೆಯದೆಂದರೆ ಲಂಡನ್ನಿನ ಗಡಿಯೊಳಗೆ ಚಕ್ರ ಇಟ್ಟ ದಿನವೆಲ್ಲ ಹೊಗೆಯ ಸುಂಕ ಕಟ್ಟಬೇಕು. ಆದ್ದರಿಂದ ಬಂಡಿ ಗಡಿಯಾಚೆ, ಬುಷಿ ಕಡೆಯ ಒಂದು ಕುದುರೆಲಾಯದ ಹಿತ್ತಲಿನಲ್ಲಿ ವಾಸವಾಗಿತ್ತು. ಕುದುರೆಗಳು ಅದನ್ನು ಮೂಸಿ ನೋಡಿ ಮುಖ ತಿರುಗಿಸುತ್ತಿದ್ದವು. ನನ್ನ ಹೆಂಡತಿ ಸರೋಜಾ ಕೂಡ ಒಂದೇ ಸಲ ಒಳಗೆ ಹೋಗಿ ಹೊರಗೆ ಬಂದಳು. "ಹೋಟೆಲ್ ವಾಸನೆ ಬರೋ ಬಸ್ಸಲ್ಲಿ ನಾನಂತೂ ಮಲಗಲ್ಲ ರೀ. ನೀವು ಹೋಗಿ ಬನ್ನಿ, ನಿಮಗೆ ಮೂಗೂ ಕಮ್ಮಿ." ಹೀಗೆ ಬಂಡಿಯಲ್ಲಿ ಐತಾಳರು ಸಾರಥಿ, ನಾನು ದಾರಿ ಹೇಳುವವನು. ಕೌನ್ಸಿಲ್ಲಿನ ನಕಾಶೆ ವಿಭಾಗದಲ್ಲಿ ಚರಂಡಿ ಮತ್ತು ಬೀದಿಗಳನ್ನು ಬರೆಯುತ್ತ ಕೂದಲು ನೆರೆಸಿಕೊಂಡವನು ನಾನು. ದೇಶದ ದಾರಿಗಳೆಲ್ಲ ಬೆರಳ ತುದಿಯಲ್ಲಿವೆ ಎಂಬ ಅಹಂಕಾರವಿತ್ತು.

ಬಂಡಿ ಬಂದ ಮರುವರ್ಷವೇ ಡೀಸೆಲ್ ಬೆಲೆ ಲೀಟರಿಗೆ ಎರಡು ಪೌಂಡನ್ನು ಮುಟ್ಟಿಯೇ ತೀರುತ್ತೇನೆಂದು ಹೊರಟಿತು. ನಾಲ್ಕು ಗೋಡೆ, ಸ್ನಾನದ ಮನೆ, ಒಲೆ, ಹಾಸಿಗೆ ಎಲ್ಲವನ್ನೂ ಹೊತ್ತು ಓಡುವ ಬಂಡಿ ಎಣ್ಣೆ ಕುಡಿಯುವ ಬಗೆಯನ್ನು ಕಂಡವರೇ ಬಲ್ಲರು. ಬೇರೆಯವರು ಮಾರಿಬಿಟ್ಟರು. ಐತಾಳರು ಶಾಸನ ಹೊರಡಿಸಿದರು. ಗಂಟೆಗೆ ಐವತ್ತು ಮೈಲಿ ಮೀರಬಾರದು. ಎದುರುಗಾಳಿ ಇರುವ ದಿನ ಹೊರಡಬಾರದು. ನೀರಿನ ತೊಟ್ಟಿಯನ್ನು ಇಲ್ಲಿ ತುಂಬಿಸಕೂಡದು, ನೀರು ಅಲ್ಲಿಯೂ ಸಿಗುತ್ತದೆ. ಪ್ರಯಾಣವನ್ನು ಆದಷ್ಟೂ ಏಕಾದಶಿಯ ಮರುದಿನ ಇಟ್ಟುಕೊಳ್ಳಬೇಕು, ಏಕೆಂದರೆ ಹಿಂದಿನ ದಿನ ಉಪವಾಸವಿದ್ದ ಇಬ್ಬರು ಪ್ರಯಾಣಿಕರು ಒಂದು ಕಾಲು ಕಿಲೋವಾದರೂ ಕಡಿಮೆ ತೂಗುತ್ತಾರೆ. ಇದನ್ನು ಅವರು ನಗದೆ ಹೇಳಿದರು. ನಾನೂ ನಗದೆ ಉಪವಾಸ ಮಾಡಿದೆ. ಹೆದ್ದಾರಿಯಲ್ಲಿ ನಮ್ಮನ್ನು ದಾಟಿಹೋಗದ ವಾಹನವಿರಲಿಲ್ಲ. ಒಮ್ಮೆ ಕುದುರೆ ಸಾಗಿಸುವ ಲಾರಿಯೊಳಗಿಂದ ಒಂದು ಕುದುರೆ ನಮ್ಮನ್ನು ಬಹಳ ಹೊತ್ತು ನೋಡಿತು. "ಹೋಯ್ಲಿ, ಹೋಯ್ಲಿ. ಅವ್ರಿಗೆ ಅಲ್ಲಿ ಬೇಗ ಹೋಯ್ ಎಂತ ಇತ್ತ್?" ಎನ್ನುತ್ತಿದ್ದರು ಐತಾಳರು.

ನಾರ್ಫೋಕಿನ ಸಮುದ್ರದಂಡೆಯಲ್ಲಿ ನನಗೊಂದು ಕಲ್ಲು ಸಿಕ್ಕಿತ್ತು. ಮುಷ್ಟಿಗಾತ್ರ, ನಡುವೆ ಬಿಳಿ ಪಟ್ಟಿ. ಮನೆಗೆ ಒಯ್ಯೋಣವೆಂದು ಕೋಟಿನ ಜೇಬಿಗೆ ಹಾಕಿಕೊಂಡೆ. ಕೋಟು ಎಡಕ್ಕೆ ಜೋತದ್ದನ್ನು ಐತಾಳರು ಗಮನಿಸಿದರು. ಕಲ್ಲು ಕೊಕ್ಕೆಯಲ್ಲಿ ನಿಲ್ಲಲಿಲ್ಲವಾದ್ದರಿಂದ ಅದನ್ನು ಕಾಲುಚೀಲದೊಳಗೆ ಹಾಕಿ ತೂಗಿದರು.

"ರಾಯ್ರೇ, ಇದ್ ನಿಮ್ ಮನೆಗ್ ಬಂದ್ ಎಂತ ಮಾಡ್ತ್?"

"ಸುಮ್ಮನೆ ಇರತ್ತೆ ಐತಾಳ್ರೇ."

"ಇಲ್ಲೂ ಸುಮ್ನೇ ಇತ್ತಲ್ದಾ."

ವಾದ ಬಲವಾಗಿತ್ತು. ನಾನು ಕಲ್ಲನ್ನು ದಂಡೆಗೆ ಹಿಂದಿರುಗಿಸಿ, ಅದು ಮೊದಲು ಹೇಗೆ ಮಲಗಿತ್ತೋ ಹಾಗೆಯೇ ಮಲಗಿಸಿ ಬಂದೆ.

ಇಷ್ಟಾದರೂ ಡೀಸೆಲ್ ಸಾಲದಾಯಿತು. ಆಗ ಐತಾಳರು ಎಣ್ಣೆಯ ದಾರಿ ಹಿಡಿದರು. ಹಳೆಯ ಡೀಸೆಲ್ ಇಂಜಿನ್ನು ಅಡಿಗೆ ಎಣ್ಣೆಯನ್ನೂ ಕುಡಿಯುತ್ತದಂತೆ. ಬೇಸಿಗೆಯಲ್ಲಿ ಅರ್ಧಕ್ಕರ್ಧ ಬೆರೆಸಿದರೆ ಗೊಣಗುವುದಿಲ್ಲವಂತೆ. ಇದನ್ನು ಅವರಿಗೆ ಕುದುರೆಲಾಯದ ಮಾಲೀಕ ಹೇಳಿದ. ಕರಿದ ಎಣ್ಣೆ ಎಲ್ಲಿ ಸಿಗುತ್ತದೆಂದು ಐತಾಳರಿಗೆ ಯಾರೂ ಹೇಳಬೇಕಿರಲಿಲ್ಲ. ಟೂಟಿಂಗಿನ ಹೋಟೆಲಿನ ಮಾಲೀಕ ಸುಧಾಕರ ಶೆಟ್ಟರು ಅವರ ಹಳೆಯ ಯಜಮಾನರು. ಇಪ್ಪತ್ತಾರು ವರ್ಷ ತಾವೇ ಗೋಳಿಬಜೆ ಕರಿದ ಬಾಣಲೆಯ ಎಣ್ಣೆಯನ್ನು ಐತಾಳರು ಈಗ ಬೇಡಿ ತರತೊಡಗಿದರು. ಅರವತ್ತು ದಾಟಿದವರಿಗೆ ಲಂಡನ್ನಿನಲ್ಲಿ ಒಂಬತ್ತು ಗಂಟೆಯ ಮೇಲೆ ಟ್ಯೂಬು ರೈಲು ಬಿಟ್ಟಿ. ಹಾಗಾಗಿ ವಾರಕ್ಕೊಮ್ಮೆ ಒಂದು ಟ್ರಾಲಿ ಚೀಲ, ಅದರೊಳಗೆ ಹತ್ತು ಲೀಟರಿನ ಡಬ್ಬಿ, ಅದರ ಪಕ್ಕದಲ್ಲಿ ಧ್ಯಾನಸ್ಥ ಐತಾಳರು, ಟೂಟಿಂಗಿನಿಂದ ರೇನರ್ಸ್ ಲೇನಿನವರೆಗೆ ಭೂಗರ್ಭದಲ್ಲಿ ಚಲಿಸುತ್ತಿದ್ದರು. ಬೋಗಿಯಲ್ಲಿ ಸುಳಿದಾಡುವ ವಾಸನೆಗೆ ಎದುರಿನ ಸೀಟಿನವರು ತಲೆಯೆತ್ತಿ ಅತ್ತಿತ್ತ ನೋಡುತ್ತಿದ್ದರಂತೆ. ಒಬ್ಬ ಮಹಿಳೆ ಇಳಿಯುವಾಗ, ನಿಮ್ಮ ಅಂಗಡಿ ಯಾವ ಸ್ಟೇಷನ್ನಿನ ಹತ್ತಿರ ಎಂದು ಕೇಳಿದಳಂತೆ.

ಸೋಸುವ ಕೆಲಸ ನಮ್ಮ ಗ್ಯಾರೇಜಿನಲ್ಲಿ. ಅವರ ಮಗಳು "ನಾಟ್ ಇನ್ ಮೈ ಹೌಸ್, ಪಪ್ಪಾ" ಎಂದುಬಿಟ್ಟಿದ್ದಳು. ಐತಾಳರು ಹಳೆಯ ಬಿಳಿ ಪಂಚೆಯನ್ನು ನಾಲ್ಕು ಮಡಿಕೆ ಮಾಡಿ ಡಬ್ಬಿಯ ಬಾಯಿಗೆ ಕಟ್ಟುತ್ತಿದ್ದರು. ಎಣ್ಣೆ ತೊಟ್ಟು ತೊಟ್ಟಾಗಿ ಇಳಿಯುತ್ತಿತ್ತು. ಪಂಚೆಯ ಮೇಲೆ ಸುಟ್ಟ ಕರಿಬೇವು, ಮೆಣಸಿನ ತುಣುಕು, ಹಿಟ್ಟಿನ ಪುಡಿ ಉಳಿಯುತ್ತಿದ್ದವು. ಅವನ್ನು ಬೆರಳಲ್ಲಿ ಎತ್ತಿ ನೋಡಿ ತಮ್ಮ ನಂತರ ಬಂದ ಅಡಿಗೆಯವನ ಕುಲಗೋತ್ರ ವಿಮರ್ಶೆ ಮಾಡುತ್ತಿದ್ದರು. "ಕಾಣಿ, ಹಿಟ್ಟಿಗೆ ಸೋಡ ಜಾಸ್ತಿ. ಅದ್ಕೇ ಒಡೆದದ್ದ್." ಮೊದಲ ಸಲ ಅವರು ಒಂದೇ ಮಡಿಕೆಯಲ್ಲಿ ಸೋಸಿದ್ದರು. ಫಲವಾಗಿ ಕೇಂಬ್ರಿಜ್ ದಾಟಿದ ಮೇಲೆ ಬಂಡಿ ಕೆಮ್ಮಿ ನಿಂತಿತು. ಕೆಟ್ಟ ಬಂಡಿಗಳನ್ನು ಎಳೆಯಲು ಬರುವ ದಪ್ಪ ಮೀಸೆಯ ಮೆಕ್ಯಾನಿಕ್ಕು ಫಿಲ್ಟರನ್ನು ಬಿಚ್ಚಿ, ಮೂಗಿನ ಹತ್ತಿರ ಹಿಡಿದು, ಎರಡು ಸಲ ಮೂಸಿದ. ಆಮೇಲೆ ಗೌರವದಿಂದ, ಇದರಲ್ಲಿ ಶುಂಠಿ ಇದೆಯೇ ಎಂದು ಕೇಳಿದ. ಐತಾಳರು ಇದೆ ಎಂದರು. ಅವನು ತಲೆಯಾಡಿಸಿದ. ವೃತ್ತಿಬಾಂಧವರಿಬ್ಬರ ಭೇಟಿಯಂತಿತ್ತು ಅದು. ಅಂದಿನಿಂದ ಪಂಚೆ ನಾಲ್ಕು ಮಡಿಕೆಯಾಯಿತು.

ಇಷ್ಟೆಲ್ಲ ತಪಸ್ಸು ನಾರ್ಫೋಕಿಗಾಗಿ ಅಲ್ಲ. ನನಗೊಂದು ಆಸೆಯಿತ್ತು. ಕೌನ್ಸಿಲ್ ಕಚೇರಿಯಲ್ಲಿ ನನ್ನ ಕುರ್ಚಿಯ ಹಿಂದೆ ಇಡೀ ದ್ವೀಪದ ದೊಡ್ಡ ನಕಾಶೆ ತೂಗುತ್ತಿತ್ತು. ಚಾವಣಿ ತಗ್ಗಾದ್ದರಿಂದ ಅದರ ತಲೆಭಾಗವನ್ನು ಹಿಂದಕ್ಕೆ ಮಡಚಿ ಮೊಳೆ ಹೊಡೆದಿದ್ದರು. ಸ್ಕಾಟ್ಲೆಂಡಿನ ಉತ್ತರದ ದಂಡೆ ಗೋಡೆಗೆ ಮುಖ ಮಾಡಿತ್ತು. ಅಷ್ಟು ವರ್ಷ ಈ ದೇಶದಲ್ಲಿ ಸಂಬಳ ತಿಂದು ಅದರ ತುದಿಯನ್ನೇ ನಾನು ನೋಡಿರಲಿಲ್ಲ. ನಿವೃತ್ತನಾದ ದಿನ ಎಲ್ಲರೂ ಕೇಕು ತಿನ್ನುತ್ತಿದ್ದಾಗ ಮಡಿಕೆಯ ಹಿಂದೆ ಬೆರಳು ತೂರಿಸಿ ನೋಡಲು ಹೋದೆ, ಕಾಗದ ಹರಿಯಿತು. ಜೂನ್ ತಿಂಗಳಲ್ಲಿ ಅಲ್ಲಿ ಬೆಳಕು ಆರುವುದೇ ಇಲ್ಲವಂತೆ. ಅದನ್ನು ಐತಾಳರಿಗೆ ಹೇಳಿದಾಗ ಅವರು ಸಾವಧಾನವಾಗಿ ಕೇಳಿ, "ಹೋಪ. ಡೀಸೆಲ್ ಒಂಚೂರ್ ಇಳೀಲಿ" ಎಂದರು.

ಡೀಸೆಲ್ ಇಳಿಯಲಿ ಎಂದು ಮೂರು ಬೇಸಿಗೆ ಕಾದೆವು. ಕಾಯುತ್ತಾ ಎಣ್ಣೆ ಕೂಡಿಟ್ಟೆವು. ಹೋಗಿಬರಲು ಹದಿನಾಲ್ಕು ಡಬ್ಬಿ ಬೇಕೆಂದು ಐತಾಳರ ಅಂದಾಜು. ನಮ್ಮ ಗ್ಯಾರೇಜಿನ ಗೋಡೆಗೆ ಡಬ್ಬಿಗಳು ಸಾಲಾಗಿ ನಿಂತವು, ಪ್ರತಿಯೊಂದರ ಮುಚ್ಚಳದ ಮೇಲೂ ಐತಾಳರು ಕುಂಕುಮದ ಬೊಟ್ಟಿಟ್ಟಿದ್ದರು. ನನ್ನ ಪಾಲಿಗೆ ಬಂದದ್ದು ದಾರಿ. ಏರು ಹತ್ತಿದಷ್ಟೂ ಎಣ್ಣೆ ಖರ್ಚು. ಆದ್ದರಿಂದ ಲಂಡನ್ನಿನಿಂದ ಉತ್ತರದ ದಂಡೆಯವರೆಗೆ ಆದಷ್ಟೂ ಗುಡ್ಡ ತಪ್ಪಿಸಿ, ಕಣಿವೆ ಮತ್ತು ಹೊಳೆಗಳ ಪಕ್ಕದಲ್ಲಿ ಸಾಗುವ ಒಂದು ದಾರಿಯನ್ನು ಕೈಯಿಂದ ಬರೆಯತೊಡಗಿದೆ. ಎರಡು ಚಳಿಗಾಲ ಊಟದ ಮೇಜಿನ ಮೇಲೆ ಅದೇ ಹಾಸಿತ್ತು. ತಟ್ಟೆಗಳನ್ನು ತೊಡೆಯ ಮೇಲಿಟ್ಟುಕೊಂಡು ಉಣ್ಣುತ್ತಿದ್ದೆವು.

"ಅಲ್ಲಿಗೆ ರೈಲಿದೆಯಲ್ಲ ರೀ," ಎಂದಳು ಸರೋಜಾ ಒಂದು ದಿನ.

"ರೈಲಿಗೆ ನಕಾಶೆ ಬೇಕಿಲ್ಲ," ಎಂದೆ ನಾನು.

ಅವಳು ತಟ್ಟೆಯನ್ನು ಇನ್ನೊಂದು ತೊಡೆಗೆ ವರ್ಗಾಯಿಸಿದಳು.

ಎರಡನೆಯ ಚಳಿಗಾಲದಲ್ಲಿ ನನ್ನ ಗೆರೆಗಳು ದಪ್ಪವಾದವು, ಅಕ್ಷರಗಳು ದೊಡ್ಡವಾದವು. ಲೇಖನಿಯ ದೋಷವೆಂದುಕೊಂಡೆ. ನಿಜ ತಿಳಿದದ್ದು ಮರುವಸಂತದಲ್ಲಿ, ಡರ್ಬಿಶೈರಿನಲ್ಲಿ. ಅದೊಂದು ಪುಟ್ಟ ಪ್ರಯಾಣ. ನಾನು ಎಂದಿನಂತೆ ನಕಾಶೆ ಹಿಡಿದು ರಸ್ತೆಯ ಸಂಖ್ಯೆ ಹೇಳಿದೆ. ಮೂರಂಕಿಯ ಸಂಖ್ಯೆ; ಮೊದಲನೆಯದು ಕಂಡಿತು, ಕೊನೆಯದು ಕಂಡಿತು, ನಡುವಿನದರ ಜಾಗದಲ್ಲಿ ಬೂದು ಮಚ್ಚೆ. ಧೈರ್ಯವಾಗಿ ಊಹಿಸಿದೆ. ಬಂಡಿ ತಿರುಗಿತು. ಸ್ವಲ್ಪ ಹೊತ್ತಿಗೆ ಎರಡನೆಯ ಗೇರು, ಆಮೇಲೆ ಮೊದಲನೆಯದು. ಇಂಜಿನ್ನು ನಡುಗುತ್ತಾ ಬಜೆಯ ಹೊಗೆ ಕಾರಿತು. ಹಿಂದೆ ಕಾರುಗಳ ಸಾಲು.

"ರಾಯ್ರೇ," ಎಂದರು ಐತಾಳರು ಮೆಲ್ಲಗೆ, "ಇದ್ ಗುಡ್ಡೆ."

ಅಷ್ಟೇ ಅಂದದ್ದು. ಬೈದಿದ್ದರೆ ಚೆನ್ನಾಗಿತ್ತು. ಮಾರನೆಯ ತಿಂಗಳು ಅವರು ದಾರಿ ಹೇಳುವ ಫೋನೊಂದನ್ನು ಕನ್ನಡಿಯ ಪಕ್ಕ ಅಂಟಿಸಿದರು. ಅದರ ತೂಕ ಇನ್ನೂರು ಗ್ರಾಮೂ ಇಲ್ಲವೆಂದು ನನಗೆ ತೋರಿಸಿದರು.

ಕಣ್ಣಾಸ್ಪತ್ರೆಯ ವೈದ್ಯೆ ನನಗೆ ಚಿತ್ರ ಬರೆದು ವಿವರಿಸಿದಳು. ಕಣ್ಣಿನ ಹಿಂದಿನ ಪರದೆಯ ನಡುಭಾಗ ಸವೆಯುತ್ತಿದೆ. ಅದನ್ನು ಚುಚ್ಚುಮದ್ದಿನಿಂದ ಸ್ವಲ್ಪ ತಡೆಯಬಹುದು, ನಿಲ್ಲಿಸಲಾಗದು. ನೇರ ನೋಡಿದ್ದು ಅಳಿಸಿಹೋಗುತ್ತದೆ, ಸುತ್ತಲಿನದು ಉಳಿಯುತ್ತದೆ. ಇಷ್ಟನ್ನೂ ನಾನು ಐತಾಳರಿಗೆ ಹೀಗೆಯೇ ಹೇಳಬೇಕಿತ್ತು. ಆದರೆ ದುಃಖದ ಮಾತನ್ನು ನೇರವಾಗಿ ಆಡುವ ಅಭ್ಯಾಸ ನಮ್ಮ ವಂಶದಲ್ಲಿಲ್ಲ. ಗ್ಯಾರೇಜಿನಲ್ಲಿ ಪಂಚೆ ಹಿಂಡುತ್ತಿದ್ದ ಅವರ ಮುಂದೆ ನಿಂತು, "ಐತಾಳ್ರೇ, ನನ್ನ ಕಣ್ಣುಗಳು ಸಲ್ಲಿಸಿದ ರಾಜೀನಾಮೆಯನ್ನ ಸರ್ಕಾರ ಅಂಗೀಕರಿಸಿದೆ" ಎಂದೆ. ಅವರ ಕೈ ನಿಂತಿತು.

"ಪೂರ್ತಿ ಹೋತಾ?"

"ಹೋಗ್ತಾ ಇದೆ. ಡೀಸೆಲ್ ಇಳಿಯೋದನ್ನ ಕಾಯೋ ಹಾಗಿಲ್ಲ. ಈ ಜೂನಲ್ಲಿ ಹೋಗದೆ ಇದ್ರೆ ಇನ್ನು ನಾನು ಹೋಗೋದು ಸುಳ್ಳು."

ಐತಾಳರು ಎಣ್ಣೆಗೈಯನ್ನು ಡಬ್ಬಿಯೊಂದರ ಮುಚ್ಚಳದ ಮೇಲಿಟ್ಟರು. ಕುಂಕುಮ ಬೆರಳಿಗೆ ಅಂಟಿತು. "ಜೂನಿಗೆ ಹೋಪ ರಾಯ್ರೇ. ಈ ಎಣ್ಣೆ ಮೇಲಾಣೆ." ಲೋಕದಲ್ಲಿ ಜನ ಬೆಂಕಿಯ ಮೇಲೆ ಆಣೆ ಇಡುವುದನ್ನು ಕೇಳಿದ್ದೇನೆ. ಕರಿದ ಎಣ್ಣೆಯ ಮೇಲಿಟ್ಟವರು ಅವರೊಬ್ಬರೇ ಇರಬೇಕು. ನಾನು ಅದನ್ನು ಬೆಂಕಿಗಿಂತ ಹೆಚ್ಚೆಂದೇ ನಂಬಿದೆ.

ಮೇ ತಿಂಗಳಲ್ಲಿ ಅವರು ಬಂದು, ಡಬ್ಬಿಗಳು ಬಂಡಿಯ ಹತ್ತಿರವೇ ಇದ್ದರೆ ಹೊರಡುವ ದಿನ ಅನುಕೂಲ ಎಂದರು. ಸರಿಯೆನಿಸಿತು. ಸರೋಜಾ ತನ್ನ ಪುಟ್ಟ ಕಾರಿನ ಸೀಟುಗಳಿಗೆ ಹಳೆಯ ಚಾದರ ಹಾಸಿ, ಮೂರು ಸಲ ಬುಷಿಗೆ ಹೋಗಿ ಬಂದು, ಹದಿನಾಲ್ಕನ್ನೂ ಸಾಗಿಸಿದಳು. ನಾನೇ ಎತ್ತಿ ಎತ್ತಿ ಕೊಟ್ಟೆ. ಕೊನೆಯ ಸಲ ಐತಾಳರು, "ನಕಾಶೆನೂ ಕೊಡಿ ಮಾರಾಯ್ರೆ, ಬಂಡಿಯಲ್ಲೇ ಇರ್ಲಿ, ಮರೆತ್ ಹೋಯ್ತ್ ಆಮೇಲೆ" ಎಂದರು. ಕೊಟ್ಟೆ. ಅದನ್ನು ಅವರು ತೂಗಲಿಲ್ಲ. ಅದೊಂದು ದೊಡ್ಡ ಮನ್ನಣೆ ಎಂದು ನಾನು ರಾತ್ರಿ ಊಟಕ್ಕೆ ಕುಳಿತಾಗ ಹೆಂಡತಿಗೆ ಹೇಳಿದೆ. ಮೇಜು ಖಾಲಿಯಾಗಿತ್ತು. ತಟ್ಟೆಯನ್ನು ಅದರ ಮೇಲಿಟ್ಟು ಉಣ್ಣುವುದು ವಿಚಿತ್ರವೆನಿಸಿತು.

ಜೂನ್ ಮೊದಲ ವಾರ ನನ್ನ ಚೀಲ ಸಿದ್ಧವಾಯಿತು. ಒಂದು ಪೈಜಾಮ, ಒಂದಿಷ್ಟು ಬಟ್ಟೆ, ಮುಚ್ಚಳವಿಲ್ಲದ ಫಿಲ್ಟರು, ಕಣ್ಣಿನ ಹನಿ. ಒಟ್ಟು ನಾಲ್ಕೂವರೆ ಕಿಲೋ. ಏಕಾದಶಿಯ ಉಪವಾಸವೂ ಆಯಿತು. ಆ ಸಂಜೆ ಐತಾಳರ ಫೋನು. ಬಂಡಿಯ ಎಣ್ಣೆ ಪಂಪು ಹೋಗಿದೆ, ಅಷ್ಟು ಹಳೆಯ ಮಾಡೆಲ್ಲಿಗೆ ಬಿಡಿಭಾಗ ಸಿಗುವುದು ಕಷ್ಟ. "ಸೆಪ್ಟೆಂಬರಿಗೆ ಕಾಂಬ ರಾಯ್ರೇ." ದನಿ ಎಷ್ಟು ಕುಗ್ಗಿತ್ತೆಂದರೆ ನಾನೇ ಅವರನ್ನು ಸಮಾಧಾನ ಮಾಡಿದೆ. ಇಪ್ಪತ್ತು ನಿಮಿಷ ಸಮಾಧಾನ ಮಾಡಿದೆ. ಪಂಪಿಗೂ ನಮಗೂ ವಯಸ್ಸಾಗಿದೆ, ಅದರ ಮೇಲೆ ಕೋಪ ಮಾಡಿಕೊಳ್ಳಬೇಡಿ ಎಂದೆ. ಆಮೇಲೆ ಪಾರಣೆಗೆ ಇಟ್ಟಿದ್ದ ಉಪ್ಪಿಟ್ಟನ್ನು ಆಗಲೇ ತಿಂದೆ.

ಸೆಪ್ಟೆಂಬರಿನಲ್ಲಿ ಹ್ಯಾರೋದ ಒಂದು ಹಾಲಿನಲ್ಲಿ ನಮ್ಮವರ ಗಣಪತಿ ಹಬ್ಬ. ಊಟದ ಪಂಕ್ತಿಯಲ್ಲಿ ನನ್ನ ಎಡಕ್ಕೆ ಸರೋಜಾ, ಬಲಕ್ಕೆ ಟೂಟಿಂಗಿನಿಂದ ಬಂದ ಸುಧಾಕರ ಶೆಟ್ಟರು. ನಮ್ಮ ಎಣ್ಣೆದಾನಿಗಳನ್ನು ನಾನು ಎದುರಾಬದುರಾಗಿ ಕಂಡದ್ದು ಆವತ್ತೇ ಮೊದಲು. ನಾನು ಯಾರೆಂದು ಅವರಿಗೆ ತಿಳಿಯದು. ಕೋಸಂಬರಿ ಬರುವಷ್ಟರಲ್ಲಿ ಅವರು ತಮ್ಮ ಬೇಸಿಗೆಯ ಪ್ರಯಾಣದ ಸುದ್ದಿ ತೆಗೆದರು.

"ಎಂತ ಜಾಗ ಮಾರಾಯ್ರೆ ಅದು. ಮೇಲೆ ಸ್ಕಾಟ್ಲೆಂಡ್ ಮುಗೀತದಲ್ಲ, ಅಲ್ಲಿಗೆ ಹೋಗಿದ್ದೆ. ನಮ್ಮ ಹಳೇ ಅಡಿಗೆ ಭಟ್ಟರ ಬಂಡಿಯಲ್ಲಿ. ಡೀಸೆಲ್ ಅರ್ಧ, ನನ್ನ ಹೋಟೆಲಿನ ಎಣ್ಣೆ ಅರ್ಧ. ಏನು ನಂಬ್ತೀರ ನೀವು?"

ನಾನು ಎಲ್ಲವನ್ನೂ ನಂಬುತ್ತೇನೆಂದು ಹೇಳಿದೆ.

"ಯಾವಾಗ ಹೋಗಿದ್ರಿ?" ಎಂದು ಸರೋಜಾ ಕೇಳಿದಳು.

"ಜೂನಲ್ಲಿ. ಎರಡನೇ ವಾರ. ಕಾಣಿ ಅಮ್ಮ, ವಿಡಿಯೊ ಉಂಟು." ಅವರು ಫೋನನ್ನು ನನ್ನ ಎಲೆಯ ಮೇಲಿಂದ ಅವಳತ್ತ ಚಾಚಿದರು. ನನಗೆ ಕಂಡದ್ದು ಬೆಳ್ಳಗಿನ ಒಂದು ಚೌಕ, ನಡುವೆ ಮಚ್ಚೆ. ಆದರೆ ಕಿವಿ ಚೆನ್ನಾಗಿದೆ. ಗಾಳಿ ಬೀಸುತ್ತಿತ್ತು. ಇಂಜಿನ್ನು ಐವತ್ತು ಮೈಲಿಯ ತನ್ನ ಹಳೆಯ ರಾಗ ಹಾಡುತ್ತಿತ್ತು. ಪಂಪು ಬಹಳ ಆರೋಗ್ಯವಾಗಿದ್ದಂತೆ ಕೇಳಿಸಿತು. ಆಮೇಲೆ ಐತಾಳರ ದನಿ: "ಕಾಣಿ, ಕಾಣಿ, ಕಡಲ್ ಬಂತ್."

ಸರೋಜಾ ಬಹಳ ಹೊತ್ತು ನೋಡಿದಳು. ಬಡಿಸುವವರು ಅನ್ನ ಹಾಕಿ ಮುಂದೆ ಹೋದರು.

"ರೀ," ಎಂದಳು ಮೆಲ್ಲಗೆ, "ನಿಮ್ಮ ನಕಾಶೆ ಕಾಣತ್ತೆ. ಮುಂದುಗಡೆ ಗಾಜಿನ ಹತ್ರ ಇಟ್ಟಿದಾರೆ. ನಿಮ್ಮ ಅಕ್ಷರ."

"ಆ ನಕಾಶೆ ಒಂದು ಅದ್ಭುತ ಅಮ್ಮ," ಎಂದರು, ನಕಾಶೆ ಎಂಬ ಮಾತಷ್ಟೇ ಕಿವಿಗೆ ಬಿದ್ದ ಶೆಟ್ಟರು. "ಭಟ್ಟರು ಫೋನನ್ನ ಬಂದ್ ಮಾಡಿಟ್ಟಿದ್ರು. ಇದೊಂದೇ ಸಾಕು ಅಂತ. ಯಾರೋ ಪರಿಚಯದವರು ಬರೆದು ಕೊಟ್ಟದ್ದಂತೆ."

ಯಾರೋ ಪರಿಚಯದವರು ಅನ್ನಕ್ಕೆ ಸಾರು ಕಲಸಿದರು. ಹಬ್ಬದ ಊಟವನ್ನು ಅರ್ಧಕ್ಕೆ ಬಿಟ್ಟು ಏಳಬಾರದೆಂದು ಪೂರ್ತಿ ಉಂಡರು, ಪಾಯಸವನ್ನು ಎರಡನೆಯ ಸಲವೂ ಹಾಕಿಸಿಕೊಂಡರು. ಅದರಲ್ಲಿ ದ್ರಾಕ್ಷಿ ಇತ್ತೋ ಇಲ್ಲವೋ ಅವರಿಗೆ ನೆನಪಿಲ್ಲ.

ಮುಂದಿನ ಬುಧವಾರ ಬೆಳಗ್ಗೆ ಐತಾಳರು ಬಂದರು. ಶೆಟ್ಟರು ಪಕ್ಕದಲ್ಲಿ ಕುಳಿತಿದ್ದವರ ಬಗ್ಗೆ ಹೇಳಿರಬೇಕು. ಬಾಗಿಲು ತೆರೆದ ಸರೋಜಾ "ಕೂತ್ಕೊಳ್ಳಿ" ಎಂದು ಒಳಗೆ ಹೋದಳು, ಕಾಫಿಯ ಮಾತೆತ್ತಲಿಲ್ಲ. ನಮ್ಮ ಮನೆಯಲ್ಲಿ ಇದು ರಾಯಭಾರಿಯನ್ನು ವಾಪಸು ಕರೆಸಿಕೊಂಡಂತೆ. ಐತಾಳರು ಕೂರಲಿಲ್ಲ. ಮಡಚಿದ ಕಾಗದವನ್ನು ನನ್ನ ಕೈಗಿತ್ತರು. ಅಂಚುಗಳು ಎಣ್ಣೆಯಿಂದ ಮೆತ್ತಗಾಗಿದ್ದವು.

"ನಕಾಶೆ, ರಾಯ್ರೇ. ಹೋಪತಿಗೂ ಬಪ್ಪತಿಗೂ ಒಂದ್ ಗುಡ್ಡೆ ಸಿಕ್ಲಿಲ್ಲೆ ಕಾಣಿ. ಎರಡ್ ಡಬ್ಬಿ ಎಣ್ಣೆ ಉಳೀತ್. ನಿಮ್ ಕೆಲಸ ಅಂದ್ರೆ ಕೆಲಸ."

ಅವರು ಮನಸಾರೆ ಹೊಗಳುತ್ತಿದ್ದರು. ಅದನ್ನು ನಾನು ಸಹಿಸಿಕೊಳ್ಳುವುದಕ್ಕೆ ಸ್ವಲ್ಪ ಸಮಯ ಬೇಕಾಯಿತು.

"ಪಂಪು?" ಎಂದೆ.

"ಪಂಪ್ ಸರಿ ಇತ್ತ್."

"ಮತ್ತೆ?"

"ಶೆಟ್ರ್ ನಾನೂ ಬತ್ತೆ ಅಂದ್ರ್. ಎಣ್ಣೆ ಕೊಡುವವ್ರಿಗೆ ಬ್ಯಾಡ ಅಂದ್ರೆ ಮುಂದಿನ ವಾರದಿಂದ ಎಣ್ಣೆ ಎಲ್ಲಿ?"

"ನಾಲ್ಕು ಜನ ಮಲಗೋ ಬಂಡಿ ಐತಾಳ್ರೇ ಅದು."

ಟೋಪಿಯನ್ನು ಕೈಯಲ್ಲಿ ತಿರುಗಿಸುವ ಸದ್ದು ಕೇಳಿಸಿತು. ಆಮೇಲೆ, ಇಪ್ಪತ್ತಾರು ವರ್ಷ ಅಳತೆ ತಪ್ಪದೆ ಉಪ್ಪು ಹಾಕಿದ ಮನುಷ್ಯನ ಪ್ರಾಮಾಣಿಕತೆಯಿಂದ ಹೇಳಿದರು:

"ಸುಳ್ ಹೇಳೂದಿಲ್ಲೆ ರಾಯ್ರೇ, ಒಂದ್ ಸಲ ಹೇಳಿ ಆಯ್ತ್. ಶೆಟ್ರೇ ನೂರು ಕಿಲೋ ಇದ್ರ್. ಇಬ್ರೂ ಅಂದ್ರೆ ಎಣ್ಣೆ ಸಾಕಾತಿಲ್ಲೆ. ಒಬ್ರನ್ನ ಇಳಿಸ್ಕಿತ್ತ್. ನೀವ್ ಕಣ್ ಹೋಯ್ತ್ ಅಂದ್ರಿ. ಕಾಣದವ್ರ್ ಅಷ್ಟ್ ದೂರ ಬಂದ್ ಎಂತ ಮಾಡ್ತ್ರ್, ನೀವೇ ಹೇಳಿ?"

ಇಷ್ಟು ವರ್ಷ ಆ ಪ್ರಶ್ನೆಯನ್ನು ಬಂಡಿಯ ಬಾಗಿಲಲ್ಲಿ ಕೇಳಿದ್ದೆ. ಪೈಜಾಮವನ್ನೂ ದಿಂಬನ್ನೂ ಅದು ಕೇಳಿದಾಗ ನಾನು ಪಕ್ಕದಲ್ಲಿ ನಿಂತು ಮುಗುಳ್ನಕ್ಕವನು. ಅವುಗಳ ಪರವಾಗಿ ಒಂದು ಮಾತನ್ನೂ ಆಡಿರಲಿಲ್ಲ. ನನ್ನ ತೂಕ ಎಪ್ಪತ್ತೊಂದು ಕಿಲೋ, ಏಕಾದಶಿಯ ಮರುದಿನ ಇನ್ನೂ ಸ್ವಲ್ಪ ಕಡಿಮೆ. ಕೊಕ್ಕೆಯಿಂದ ನನ್ನನ್ನು ಯಾವಾಗ ಬಿಚ್ಚಿದರೆಂಬುದಷ್ಟೇ ನನಗೆ ತಿಳಿದಿರಲಿಲ್ಲ. ಬಹುಶಃ ಡರ್ಬಿಶೈರಿನ ಆ ಏರಿನಲ್ಲೇ ಇರಬೇಕು.

"ಐತಾಳ್ರೇ," ಎಂದೆ, "ನನಗೆ ಹೋಗಿರೋದು ನಡುವಿನದು ಮಾತ್ರ. ಸುತ್ತಲಿಂದು ಪೂರ್ತಿ ಕಾಣತ್ತೆ. ಸಮುದ್ರ, ಆಕಾಶ, ದಂಡೆ, ಅಷ್ಟು ದೊಡ್ಡದನ್ನೆಲ್ಲ ನೋಡೋದಕ್ಕೆ ನನಗೆ ಅಡ್ಡಿಯೇ ಇರಲಿಲ್ಲ. ಕಾಣದೆ ಇರೋದು ಪುಸ್ತಕದ ಅಕ್ಷರ, ಎದುರಿಗಿರೋರ ಮುಖ."

"ಅದ್ ನೀವ್ ಹೇಳ್ಲೇ ಇಲ್ಲ ಮಾರಾಯ್ರೆ."

"ನೀವು ಕೇಳ್ಲೂ ಇಲ್ಲ."

ಅದನ್ನು ಕೇಳಿ ಅವರ ಮುಖ ಹೇಗಾಯಿತೋ ನಾನು ಹೇಳಲಾರೆ. ನಾನು ಅವರನ್ನೇ ನೇರವಾಗಿ ನೋಡುತ್ತಿದ್ದೆ. ಹಾಗಾಗಿ ಅವರ ಎರಡು ಹೆಗಲುಗಳ ನಡುವೆ, ಸ್ವೆಟರಿನ ಕತ್ತಿನ ಮೇಲೆ, ಬೂದು ಬಣ್ಣದ ಒಂದು ಮಚ್ಚೆ ಮಾತ್ರ ಇತ್ತು. ಬರುವ ಜೂನಿಗೆ ಹೋಪ, ಶೆಟ್ಟರಿಲ್ಲದೆ ನಾವಿಬ್ಬರೇ, ಉಳಿದ ಎರಡು ಡಬ್ಬಿ ಎಣ್ಣೆ ಇದೆ, ಮಿಕ್ಕದ್ದು ಡೀಸೆಲ್ಲೇ ಹಾಕಿಸುವ, ಎಷ್ಟಾದರೂ ಆಗಲಿ ಎಂದು ಆ ಮಚ್ಚೆ ಹೇಳಿತು. ಡೀಸೆಲ್ ಎಷ್ಟಾದರೂ ಆಗಲಿ ಎಂಬ ಮಾತು ಐತಾಳರ ಬಾಯಿಂದ ಬಂದದ್ದನ್ನು ನಾನು ಮೊದಲ ಸಲ ಕೇಳಿದೆ. ಬರುವ ಜೂನಿನ ಹೊತ್ತಿಗೆ ಆ ಮಚ್ಚೆ ಎಷ್ಟು ಅಗಲವಾಗಿರುತ್ತದೆಂದು ವೈದ್ಯೆ ಹೇಳಿದ್ದಳು. ಅದನ್ನು ಅವರಿಗೆ ಹೇಳಲಿಲ್ಲ.

"ಬತ್ತೆ ರಾಯ್ರೇ," ಎಂದು ಅವರು ಹೊರಗೆ ನಡೆದರು. ನಾನು ಬಾಗಿಲವರೆಗೆ ಹೋದೆ. ಗೇಟಿನ ಹತ್ತಿರ ಹೆಜ್ಜೆಯ ಸದ್ದು ನಿಂತಿತು. ಅವರು ಹಿಂದಿರುಗಿ ನೋಡುತ್ತಿದ್ದಾರೆಂದು ತಿಳಿಯಿತು. ಆಗ ನಾನು ಮುಖವನ್ನು ಪಕ್ಕದ ಗ್ಯಾರೇಜಿನ ಗೋಡೆಯತ್ತ ತಿರುಗಿಸಿದೆ. ಕೋಪದಿಂದ ಎಂದು ಅವರು ತಿಳಿದಿರಬೇಕು. ಕೋಪವೂ ಇತ್ತು. ಆದರೆ ಈಗೀಗ ಹಾಗೆ ಬೇರೆಡೆ ನೋಡಿದರೆ ಮಾತ್ರ ನನಗೆ ಮನುಷ್ಯರು ಪೂರ್ತಿ ಕಾಣುವುದು. ಕಣ್ಣಿನ ಓರೆಯಲ್ಲಿ ಐತಾಳರು ಕಂಡರು: ಕುಗ್ಗಿದ ಸಣ್ಣ ದೇಹ, ಮೊಣಕೈ ಹರಿದ ಸ್ವೆಟರು, ಖಾಲಿ ಟ್ರಾಲಿ ಚೀಲ, ಒಂದು ಕೈ ಗೇಟಿನ ಮೇಲೆ. ನಾನು ಏನಾದರೂ ಹೇಳುತ್ತೇನೆಂದು ಅವರು ಕಾಯುತ್ತಿದ್ದರು. ಬಾಯಿ ಸ್ವಲ್ಪ ತೆರೆದಿತ್ತು. ಅವರತ್ತ ತಿರುಗಿದ್ದರೆ ಅವರು ಅಳಿಸಿಹೋಗುತ್ತಿದ್ದರು. ಗೇಟು ಮುಚ್ಚಿದ ಸದ್ದಾಗುವವರೆಗೂ ನಾನು ಗೋಡೆಯನ್ನೇ ನೋಡುತ್ತಾ ನಿಂತಿದ್ದೆ.